ಬ್ಯಾಡ್ಜ್ ಹಾಕಿದವರ ಕೈಗೆ ತೀರ್ಮಾನವನ್ನೂ ಕೊಡಿ

‘ಸ್ವಯಂಸೇವಕ’ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ನೆನಪಾಗುವುದು ಕುರ್ಚಿ. ವಾರ್ಷಿಕೋತ್ಸವದ ಹಿಂದಿನ ದಿನ ಕುರ್ಚಿ ಜೋಡಿಸುವುದು, ಮರುದಿನ ಅತಿಥಿಗಳಿಗೆ ನೀರಿನ ಬಾಟಲಿ ಕೊಡುವುದು, ಸಂಜೆ ಅದೇ ಕುರ್ಚಿಗಳನ್ನು ಎತ್ತಿಡುವುದು. ಈ ಕೆಲಸ ಸಣ್ಣದೆಂದು ನಾನು ಹೇಳುತ್ತಿಲ್ಲ. ಊರಿನ ಮದುವೆಗಳಲ್ಲಿ ಬಡಿಸಿ, ಮೀಲಾದ್ ಜಾಥಾದಲ್ಲಿ ಶರಬತ್ತು ಹಂಚಿ ಬೆಳೆದವರು ನಾವು. ಬೆವರು ಸುರಿಸಿದವರಿಗೇ ಅದರ ಬೆಲೆ ಗೊತ್ತು. ನನ್ನ ತಕರಾರು ಬೇರೆ. ಕೈಕಾಲಿನ ಕೆಲಸ ಸ್ವಯಂಸೇವಕರದು, ತಲೆಯ ಕೆಲಸ ದೊಡ್ಡವರದು ಎಂದು ಯಾರೂ ಹೇಳದೆಯೇ ಒಂದು ಕಟ್ಟಳೆ ನಮ್ಮಲ್ಲಿ ಬೆಳೆದುಬಿಟ್ಟಿದೆ. ಅದು ಹಾಗೆಯೇ ಇರಬೇಕಿಲ್ಲ ಎನ್ನಲು ದೂರದ ಒಂದು ಉದಾಹರಣೆಯನ್ನು ಇಲ್ಲಿ ಇಡುತ್ತೇನೆ.

ಸಿಗ್ಗ್ರಾಫ್ ಎಂಬ ಹೆಸರು ಪಿಸಿಎಂಸಿ ತೆಗೆದುಕೊಂಡವರಿಗೂ ಹೊಸದಿರಬಹುದು. ಅದು ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರದ ಅತಿ ದೊಡ್ಡ ವಾರ್ಷಿಕ ಸಮ್ಮೇಳನ. ನಾವು ಮೊಬೈಲಿನಲ್ಲಿ ಆಡುವ ಆಟದ ನೆರಳು ಬೆಳಕು, ಸಿನಿಮಾದಲ್ಲಿ ಉಕ್ಕುವ ಕೃತಕ ಸಮುದ್ರ, ಅನಿಮೇಶನ್ ಚಿತ್ರದ ಪಾತ್ರದ ತಲೆಗೂದಲು, ಇವುಗಳ ಹಿಂದಿನ ಎಷ್ಟೋ ಲೆಕ್ಕಾಚಾರಗಳನ್ನು ಲೋಕ ಮೊದಲು ಕೇಳಿದ್ದು ಆ ಸಮ್ಮೇಳನದಲ್ಲಿ. ದ್ವಿತೀಯ ಪಿಯುಸಿಯಲ್ಲಿ ‘ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಸರ್?’ ಎಂದು ನಾವು ಕೇಳುವ ಮ್ಯಾಟ್ರಿಕ್ಸ್ ಇದೆಯಲ್ಲ, ಪರದೆಯ ಮೇಲೆ ಒಂದು ವಸ್ತುವನ್ನು ತಿರುಗಿಸಬೇಕಾದರೆ ಅದೇ ಬೇಕು. ಉತ್ತರ ಸಿಕ್ಕಿತಲ್ಲ!

ಕಂಪ್ಯೂಟರ್ ವಿಜ್ಞಾನದವರ ಹಳೆಯ ಸಂಘ ಎಸಿಎಂ 1947ರಲ್ಲಿ ಹುಟ್ಟಿದ್ದು. ಗ್ರಾಫಿಕ್ಸ್‌ನಲ್ಲಿ ಆಸಕ್ತಿ ಇರುವವರಿಗೆ ಅದರೊಳಗೇ ಒಂದು ಗುಂಪು ಬೇಕೆಂದು 1960ರ ದಶಕದಲ್ಲಿ ಓಡಾಡಿದವರು ಬ್ರೌನ್ ವಿಶ್ವವಿದ್ಯಾಲಯದ ಆಂಡ್ರೀಸ್ ವ್ಯಾನ್ ಡ್ಯಾಮ್ ಮತ್ತು ಐಬಿಎಂನ ಸ್ಯಾಮ್ ಮಾಟ್ಸಾ. ಆ ಗುಂಪೇ ಸಿಗ್ಗ್ರಾಫ್. ಅದರ ಮೊದಲ ಸಮ್ಮೇಳನ 1974ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್‌ನಲ್ಲಿ ನಡೆಯಿತು. ಬಂದವರು ಸುಮಾರು 600 ಮಂದಿ. 1997ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದಾಗ 48 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ನಮ್ಮ ಸುತ್ತಮುತ್ತಲಿನ ಎಷ್ಟೋ ಪೇಟೆಗಳ ಜನಸಂಖ್ಯೆಯೇ ಅಷ್ಟಿಲ್ಲ. 2008ರಿಂದ ಏಷ್ಯಾದಲ್ಲೂ ಪ್ರತ್ಯೇಕವಾಗಿ ಒಂದು ಸಮ್ಮೇಳನ ನಡೆಯುತ್ತಿದೆ. ಅದರ ಮೊದಲನೆಯದು ಸಿಂಗಾಪುರದಲ್ಲಿ.

ಇಷ್ಟು ದೊಡ್ಡ ವ್ಯವಹಾರವನ್ನು ನಡೆಸುವವರು ಯಾರು? ಸಭಾಂಗಣದ ಬಾಡಿಗೆ, ನೋಂದಣಿ, ಮಳಿಗೆ, ವಿದ್ಯುತ್ತು, ಇವುಗಳಿಗೆ ಹಣ ಕೊಟ್ಟು ಜನರನ್ನೂ ಕಂಪನಿಗಳನ್ನೂ ನೇಮಿಸುತ್ತಾರೆ. ಆದರೆ ಯಾವ ಪ್ರಬಂಧ ಓದಬೇಕು, ಯಾವ ಚಿತ್ರ ತೋರಿಸಬೇಕು, ಯಾವ ಹೊಸ ಯಂತ್ರವನ್ನು ಜನರ ಮುಂದಿಡಬೇಕು, ಯಾರಿಗೆ ಪಾಠ ಮಾಡಲು ಹೇಳಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರಲ್ಲಿ ಪ್ರಾಧ್ಯಾಪಕರು, ಸ್ಟುಡಿಯೊಗಳ ಇಂಜಿನಿಯರುಗಳು, ಕಲಾವಿದರು ಎಲ್ಲರೂ ಇದ್ದಾರೆ. ಸಮ್ಮೇಳನದ ಅಧ್ಯಕ್ಷರೂ ಅಂಥವರಲ್ಲೇ ಒಬ್ಬರು, ಒಂದು ವರ್ಷದ ಸಮ್ಮೇಳನಕ್ಕೆ ಮಾತ್ರ. ಪ್ರಬಂಧ, ಕಲಾ ಪ್ರದರ್ಶನ, ಅನಿಮೇಶನ್ ಉತ್ಸವ ಹೀಗೆ ಒಂದೊಂದು ವಿಭಾಗಕ್ಕೂ ಬೇರೆ ಅಧ್ಯಕ್ಷರು, ಬೇರೆ ತೀರ್ಪುಗಾರರು. ಈ ವರ್ಷದ ಸಮ್ಮೇಳನ ನಡೆಯುತ್ತಿರುವಾಗಲೇ ಮುಂದಿನ ವರ್ಷದ ಅಧ್ಯಕ್ಷರು ತಮ್ಮ ಕೆಲಸದಲ್ಲಿ ಮುಳುಗಿರುತ್ತಾರೆ. ಹಾಗಾಗಿ ಪ್ರತಿ ವರ್ಷ ಜನ ಬದಲಾದರೂ, ಊರು ಬದಲಾದರೂ ಕೆಲಸ ಮೊದಲಿನಿಂದ ಶುರುವಾಗುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಪ್ರಬಂಧ ಸಮಿತಿಯ ಕ್ರಮ. ಜನವರಿಯಲ್ಲಿ ಪ್ರಬಂಧಗಳು ಬಂದು ಬೀಳುತ್ತವೆ. ಅವುಗಳ ಮೇಲೆ ಬರೆದವರ ಹೆಸರಿರುವುದಿಲ್ಲ. ಒಂದೊಂದನ್ನೂ ಸಾಮಾನ್ಯವಾಗಿ ಐದು ಮಂದಿ ಓದಿ ಅಭಿಪ್ರಾಯ ಬರೆಯುತ್ತಾರೆ. ಆ ಅಭಿಪ್ರಾಯವನ್ನು ಬರೆದವರಿಗೆ ತೋರಿಸಿ, ‘ಇದಕ್ಕೆ ನಿಮ್ಮ ಉತ್ತರವೇನು?’ ಎಂದು ಕೇಳುತ್ತಾರೆ. ಆಮೇಲೆ ಸಮಿತಿ ಸೇರುತ್ತದೆ. ಚರ್ಚೆಗೆ ಬಂದ ಪ್ರಬಂಧ ತನ್ನ ಸಂಸ್ಥೆಯಿಂದ ಬಂದಿದ್ದರೆ, ತನ್ನ ವಿದ್ಯಾರ್ಥಿಯದ್ದೋ ಆಪ್ತರದ್ದೋ ಆಗಿದ್ದರೆ, ಸಮಿತಿಯ ಸದಸ್ಯ ಎಷ್ಟೇ ದೊಡ್ಡ ವಿಜ್ಞಾನಿಯಾಗಿದ್ದರೂ ಎದ್ದು ಕೋಣೆಯಿಂದ ಹೊರಗೆ ಹೋಗಬೇಕು. ತೀರ್ಮಾನವಾದ ಮೇಲೆಯೇ ಒಳಗೆ ಪ್ರವೇಶ. ನನ್ನ ಮಟ್ಟಿಗೆ ಅಲ್ಲಿನ ಯಾವ ಗ್ರಾಫಿಕ್ಸ್ ತಂತ್ರಕ್ಕಿಂತಲೂ ಈ ಬಾಗಿಲು ದೊಡ್ಡ ಆವಿಷ್ಕಾರ.

ಇಷ್ಟಾದರೂ ತಪ್ಪುಗಳು ಆಗುತ್ತವೆ, ಒಳ್ಳೆಯ ಪ್ರಬಂಧಗಳು ತಿರಸ್ಕಾರವಾಗುತ್ತವೆ ಎಂದು ಅಲ್ಲಿನವರೇ ಹೇಳುತ್ತಾರೆ. 1993ರಲ್ಲಿ ಪ್ರಬಂಧ ಸಮಿತಿಯ ಅಧ್ಯಕ್ಷರಾಗಿದ್ದ ಜಿಮ್ ಕಾಜಿಯಾ ಎಂಬ ವಿಜ್ಞಾನಿ, ನಿಮ್ಮ ಪ್ರಬಂಧ ತಿರಸ್ಕಾರವಾಗುವಂತೆ ಮಾಡುವುದು ಹೇಗೆ ಎಂಬ ತಮಾಷೆಯ ತಲೆಬರಹ ಇಟ್ಟು, ತೀರ್ಪು ಒಳಗೆ ಹೇಗೆ ನಡೆಯುತ್ತದೆ ಎಂದು ಬಿಚ್ಚಿ ಬರೆದಿದ್ದರು. ಆಯ್ಕೆ ಮಾಡುವವನೇ ಆಯ್ಕೆಯ ಗುಟ್ಟನ್ನು ಹೊರಗೆ ಹೇಳುವುದು ನಮ್ಮಲ್ಲಿ ಊಹಿಸಲೂ ಆಗದ ಮಾತು.

ಚಿತ್ರಗಳ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. 1980ರಲ್ಲಿ ಸಮ್ಮೇಳನ ಸಿಯಾಟಲ್‌ನಲ್ಲಿ ನಡೆದಾಗ, ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸಕ್ಕಿದ್ದ ಲೋರೆನ್ ಕಾರ್ಪೆಂಟರ್ ಎಂಬವರು ಸುಮಾರು ಎರಡು ನಿಮಿಷದ ಒಂದು ಚಿತ್ರ ತೋರಿಸಿದರು. ಬೆಟ್ಟಗಳ ಮೇಲೆ ಹಾರಿದಂತೆ ಕಾಣುವ ದೃಶ್ಯ, ಬೆಟ್ಟಗಳೆಲ್ಲ ಗಣಿತದಿಂದ ಹುಟ್ಟಿದವು. ಅದನ್ನು ನೋಡಿದ ಲ್ಯೂಕಾಸ್‌ಫಿಲ್ಮ್‌ನವರು ಅವರನ್ನು ಕೆಲಸಕ್ಕೆ ಕರೆದರು. 1986ರಲ್ಲಿ ಡಲ್ಲಾಸ್‌ನಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಎರಡು ಮೇಜುದೀಪಗಳ ಪುಟ್ಟ ಚಿತ್ರ ‘ಲಕ್ಸೊ ಜೂನಿಯರ್’ ತೋರಿಸಿದಾಗ, ಹೆಸರಾಂತ ಗ್ರಾಫಿಕ್ಸ್ ವಿಜ್ಞಾನಿ ಜಿಮ್ ಬ್ಲಿನ್ ಅವರತ್ತ ಬಂದರಂತೆ. ನೆರಳಿನ ಲೆಕ್ಕದ ಬಗ್ಗೆ ಏನೋ ಕಷ್ಟದ ಪ್ರಶ್ನೆ ಬರುತ್ತದೆಂದು ಲ್ಯಾಸೆಟರ್ ಅಂಜಿದರೆ, ಬ್ಲಿನ್ ಕೇಳಿದ್ದು, ಆ ದೊಡ್ಡ ದೀಪ ಅಪ್ಪನೋ ಅಮ್ಮನೋ ಎಂದು! ಲೆಕ್ಕ ಗೊತ್ತಿರುವವರೇ ಲೆಕ್ಕ ಮರೆತು ಕಥೆಗೆ ಸೋತರು. ಎದುರಿಗೆ ಕೂತವರು ಅದೇ ಕಸುಬಿನವರಾದಾಗ ಮೆಚ್ಚುಗೆಗೂ ಬೇರೆಯೇ ತೂಕ.

ಹಾಗೆಂದು ಅಲ್ಲಿನದೆಲ್ಲ ಹೊನ್ನು ಎಂದು ನಾನು ನಂಬುವುದಿಲ್ಲ. ಪುಕ್ಕಟೆ ದುಡಿಯುವುದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲೋ ದೊಡ್ಡ ಸ್ಟುಡಿಯೊದಲ್ಲೋ ಇರುವವರಿಗೆ ಸಮಿತಿಯ ಕೆಲಸಕ್ಕೆ ಸಮಯ ಸಿಗುತ್ತದೆ, ಅದರಿಂದ ಹೆಸರೂ ಬರುತ್ತದೆ. ದಿನಗೂಲಿಯಂತೆ ದುಡಿಯುವ ಅನಿಮೇಶನ್ ಕಲಾವಿದನಿಗೆ ಒಂದು ವಾರ ರಜೆ ಎಂದರೆ ಒಂದು ವಾರದ ಅನ್ನ. ಅಲ್ಲಿ ವಿದ್ಯಾರ್ಥಿ ಸ್ವಯಂಸೇವಕರ ಯೋಜನೆಯೂ ಇದೆ. ಇಷ್ಟು ಗಂಟೆ ಕೆಲಸ ಮಾಡಿದರೆ ಸಮ್ಮೇಳನಕ್ಕೆ ಉಚಿತ ಪ್ರವೇಶ. ಕೇಳಲು ಚೆಂದ. ಆದರೆ ನಮ್ಮ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗೆ ಪ್ರವೇಶಕ್ಕಿಂತ ಮೊದಲು ವೀಸಾ ಬೇಕು, ವಿಮಾನದ ಟಿಕೆಟ್ ಬೇಕು. ಗಲ್ಫ್‌ನಲ್ಲಿ ದುಡಿಯುವ ಅಪ್ಪನ ಎಷ್ಟು ತಿಂಗಳ ಸಂಬಳ ಅದಕ್ಕೆ ಹೋಗುತ್ತದೆ ಎಂದು ನಮ್ಮಲ್ಲಿ ಅನೇಕರು ಬಾಯಿಲೆಕ್ಕದಲ್ಲೇ ಹೇಳಬಲ್ಲರು. 2020ರಲ್ಲಿ ಕೊರೊನಾದಿಂದಾಗಿ ವಾಷಿಂಗ್ಟನ್‌ನಲ್ಲಿ ನಡೆಯಬೇಕಿದ್ದ ಸಮ್ಮೇಳನ ಪೂರ್ತಿ ಆನ್‌ಲೈನ್ ಆಯಿತು. ದೂರದವರಿಗೆ ಆಗ ತೆರೆದ ಬಾಗಿಲನ್ನು ಮುಂದೆ ಇನ್ನಷ್ಟು ಅಗಲ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಅಂದಹಾಗೆ, ಗ್ರಾಫಿಕ್ಸ್ ವಿಷಯವನ್ನೂ ಒಳಗೊಂಡ ಭಾರತದ ಐಸಿವಿಜಿಐಪಿ ಸಮ್ಮೇಳನ 2014ರಲ್ಲಿ ಬೆಂಗಳೂರಿಗೇ ಬಂದಿತ್ತು. ರೈಲಿನಲ್ಲಿ ಹೋಗಿ ಬರುವ ದೂರ. ಗುರಿ ಇಟ್ಟುಕೊಳ್ಳುವವರು ಇದನ್ನೂ ನೆನಪಿಟ್ಟುಕೊಳ್ಳಲಿ.

ಈ ಕೊರತೆ ನೋಡಿ, ‘ಹಾಗಾದರೆ ಎಲ್ಲವನ್ನೂ ಸಂಬಳದವರಿಗೆ ವಹಿಸಿಬಿಡಬಹುದಲ್ಲ, ಕಾರ್ಯಕ್ರಮ ನಡೆಸಿಕೊಡುವ ಕಂಪನಿಗಳಿಲ್ಲವೇ?’ ಎಂದು ಗೆಳೆಯನೊಬ್ಬ ವಾದಿಸಿದ. ನಾನು ಒಪ್ಪಲಿಲ್ಲ. ಪೆಂಡಾಲು ಹಾಕಲು ಸಂಬಳದವರು ಸಾಕು. ಆದರೆ ಯಾವುದು ಒಳ್ಳೆಯದು ಎಂದು ಹೇಳುವ ಅಧಿಕಾರವನ್ನು ಲಾಭ ನೋಡುವವರಿಗೆ ಕೊಟ್ಟರೆ, ಹೆಚ್ಚು ಹಣ ಕೊಟ್ಟ ಕಂಪನಿಯ ಸರಕೇ ವೇದಿಕೆಯ ನಡುವೆ ಬರುತ್ತದೆ. ಸಿಗ್ಗ್ರಾಫ್‌ನಲ್ಲೂ ಕಂಪನಿಗಳ ಮಳಿಗೆಗಳಿವೆ. ಹಣ ಕೊಟ್ಟು ಅಲ್ಲಿ ಜಾಗ ಪಡೆಯಬಹುದು. ಪ್ರಬಂಧದ ಪಟ್ಟಿಯಲ್ಲಿ ಜಾಗಕ್ಕೆ ಮಾತ್ರ ತೀರ್ಪುಗಾರರನ್ನೇ ಒಪ್ಪಿಸಬೇಕು. ಈ ಎರಡರ ನಡುವೆ ಗೋಡೆ ಇರುವುದರಿಂದಲೇ ಅಲ್ಲಿ ಆಯ್ಕೆಯಾದ ಪ್ರಬಂಧಕ್ಕೆ ಮರ್ಯಾದೆ.

ಈಗ ನಮ್ಮ ಅಂಗಳಕ್ಕೆ ಬರೋಣ. ನಮ್ಮ ವಿಜ್ಞಾನ ವಸ್ತುಪ್ರದರ್ಶನಕ್ಕೂ ಸಮಿತಿ ಇದೆ. ಆಮಂತ್ರಣ ಪತ್ರದಲ್ಲಿ ಹೆಸರುಗಳ ಉದ್ದ ಪಟ್ಟಿ ಇದೆ. ಕಳೆದ ವರ್ಷ ಯಾವ ಮಾದರಿಗೆ ಸಭಾಂಗಣದ ಮುಂಭಾಗ, ಯಾವುದಕ್ಕೆ ಮೆಟ್ಟಿಲ ಕೆಳಗಿನ ಮೂಲೆ ಎಂದು ಹೇಗೆ ನಿರ್ಧಾರವಾಯಿತು ಎಂದು ಹಲವರನ್ನು ಕೇಳಿದೆ, ಉತ್ತರ ಸಿಗಲಿಲ್ಲ. ಪ್ರಥಮ ಪಿಯುಸಿಯ ಇಬ್ಬರು ಹುಡುಗಿಯರು ಮಳೆನೀರಿನ ಮಟ್ಟ ಅಳೆಯುವ ಒಂದು ಸರ್ಕಿಟ್ ಮಾಡಿ ತಂದಿದ್ದರು. ಮೂಲೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಇಡೀ ದಿನ ಅದು ಚಾಲೂ ಆಗಲೇ ಇಲ್ಲ, ತೀರ್ಪುಗಾರರು ಹಾಗೆಯೇ ನೋಡಿ ಹೋದರು. ಆ ಇಬ್ಬರೂ ಈ ವರ್ಷ ಹೆಸರು ಕೊಡುವುದಿಲ್ಲ ಎನ್ನುತ್ತಿದ್ದಾರೆ. ಯಾರೂ ಬೇಕೆಂದು ಹಾಗೆ ಮಾಡಿರಲಾರರು. ಆದರೆ ಪ್ಲಗ್ ಪಾಯಿಂಟ್ ಎಲ್ಲೆಲ್ಲಿದೆ ಎಂದು ಹಿಂದಿನ ಬ್ಯಾಚ್‌ನವರಿಗೆ ಗೊತ್ತಿತ್ತು. ಅವರು ಪರೀಕ್ಷೆ ಬರೆದು ಹೋದರು, ಅವರೊಂದಿಗೆ ಆ ತಿಳಿವಳಿಕೆಯೂ ಹೋಯಿತು. ಎರಡೇ ವರ್ಷ ಇರುವ ಪಿಯು ಕಾಲೇಜಿನಲ್ಲಿ ಬರೆದಿಡದಿದ್ದರೆ ಇನ್ನೇನಾಗುತ್ತದೆ?

ಉಪನ್ಯಾಸಕರೊಬ್ಬರ ಬಳಿ ಆಯ್ಕೆಯನ್ನು ವಿದ್ಯಾರ್ಥಿಗಳಿಗೂ ಕೊಡಿ ಎಂದಾಗ ಅವರು ನಕ್ಕು, ‘ಕೊಟ್ಟರೆ ನೀವೆಲ್ಲ ನಿಮ್ಮ ನಿಮ್ಮ ಗೆಳೆಯರನ್ನೇ ಆರಿಸುತ್ತೀರಿ’ ಎಂದರು. ಮಾತು ಸುಳ್ಳಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೂ ಹಾಗೆ ಮಾಡಬಹುದೆಂಬ ಅನುಮಾನ ಇದ್ದುದರಿಂದಲೇ ಅಲ್ಲಿ ಹೆಸರು ಅಳಿಸುತ್ತಾರೆ, ಎದ್ದು ಹೊರಗೆ ಹೋಗುತ್ತಾರೆ. ಮನುಷ್ಯರು ದೇವತೆಗಳಾಗಲಿ ಎಂದು ಅವರು ಕಾಯುತ್ತ ಕೂತಿಲ್ಲ.

ಆದ್ದರಿಂದ ಈ ಸಲದ ಪ್ರದರ್ಶನಕ್ಕೆ ಪ್ರಾಂಶುಪಾಲರಲ್ಲಿ, ವಿಭಾಗದ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟು. ಮಾದರಿಗಳ ವಿವರವನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ. ಹೆಸರು, ತರಗತಿ ಬೇಡ, ಒಂದು ಸಂಖ್ಯೆ ಸಾಕು. ಅದನ್ನು ಇಬ್ಬರು ಉಪನ್ಯಾಸಕರು ಮತ್ತು ಮೂವರು ವಿದ್ಯಾರ್ಥಿಗಳು ಓದಲಿ, ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಪ್ರಥಮ ಪಿಯುಸಿಯವರಿರಲಿ, ಒಬ್ಬರಾದರೂ ಹುಡುಗಿ ಇರಲಿ. ತಮ್ಮ ತಂಡದ ಮಾದರಿ ಬಂದಾಗ ಅವರು ಸ್ಟಾಫ್ ರೂಮಿನ ಹೊರಗೆ ನಿಲ್ಲಲಿ. ಮೂಲೆ ಸಿಕ್ಕವರಿಗೆ ಯಾಕೆಂದು ಎರಡು ಸಾಲು ಬರೆದು ಕೊಡಲಿ. ದೂರದ ಊರಿನಿಂದ ಬಸ್ಸಿನಲ್ಲಿ ಬರುವವರು ಸಂಜೆ ನಿಲ್ಲಲಾರರು, ಆದ್ದರಿಂದ ಸಭೆಯನ್ನು ಊಟದ ಬಿಡುವಿನಲ್ಲೇ ಇಡಿ. ಕೊನೆಗೆ ಒಂದು ನೂರು ಪುಟದ ನೋಟ್‌ಬುಕ್. ಯಾರಿಂದ ಟೇಬಲ್ ತರಿಸಿದೆವು, ಎಷ್ಟು ಎಕ್ಸ್‌ಟೆನ್ಶನ್ ಬಾಕ್ಸ್ ಬೇಕಾಯಿತು, ಯಾವ ಗೋಡೆಯ ಪ್ಲಗ್ ಕೆಟ್ಟಿದೆ ಎಂದು ಅದರಲ್ಲಿ ಬರೆದು, ಮಾರ್ಚ್ ಪರೀಕ್ಷೆಗೆ ಮುನ್ನ ಜೂನಿಯರ್‌ಗಳ ಕೈಗೆ ಕೊಟ್ಟು ಹೋಗುತ್ತೇವೆ. ನೋಟ್‌ಬುಕ್ ನಾನೇ ತರುತ್ತೇನೆ. ಕುರ್ಚಿಯನ್ನೂ ನಾವೇ ಜೋಡಿಸುತ್ತೇವೆ.