ದೋಣಿಗಿಂತ ಗೂಡು ಮೊದಲು

ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ ಮೈಸೂರು ಅರಸರು 1940ರಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ಪಕ್ಷಿಧಾಮವಾಗಿಸಿದರು. 2022ರಲ್ಲಿ ಅದು ರಾಜ್ಯದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕಿನ ಹಕ್ಕಿಗಳು ಇಲ್ಲಿನ ಕಾವೇರಿ ನದಿಯ ಪುಟ್ಟ ನಡುಗಡ್ಡೆಗಳ ಮರಗಳಲ್ಲಿ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಕೆಳಗಿನ ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ಎಷ್ಟು ಸಲ ನೋಡಿದರೂ ತಣಿಯದ ನೋಟ!

ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ನಡುಗಡ್ಡೆಗಳು ಮುಳುಗುತ್ತವೆ, ದೋಣಿವಿಹಾರ ನಿಲ್ಲುತ್ತದೆ. ಪ್ರವಾಸಿಗರಿಗೆ ಬೇಸರವಾಗುವುದು ಸಹಜ. ಆದರೆ ಗೂಡು ಕಳೆದುಕೊಳ್ಳುವ ಹಕ್ಕಿಯ ಪಾಡು ಅದಕ್ಕಿಂತ ದೊಡ್ಡದು. ಮರಿ ಮಾಡುವ ತಿಂಗಳುಗಳಲ್ಲಾದರೂ ದೋಣಿಗಳು ಗೂಡುಗಳಿಂದ ದೂರ ಸಾಗಲಿ, ಕೂಗಾಟ ನಿಲ್ಲಲಿ. ಸೆಲ್ಫಿಗಾಗಿ ಕೊಂಬೆಯ ಹತ್ತಿರ ಒಯ್ಯಿರೆಂದು ಅಂಬಿಗರನ್ನು ಯಾರೂ ಪೀಡಿಸದಿರಲಿ.