ಕುರ್ಪಿ ಮೊಂಡಾದರೆ ನೋಯುವ ಕೈ ಯಾರದು?

ರೋಹಿಣಿ ಮಳೆ ಹತ್ತಿರ ಬಂತೆಂದರೆ ಹಾವೇರಿ ಜಿಲ್ಲೆಯಲ್ಲಿ ಮೂರು ಕಡೆ ಪಾಳಿ ಹಚ್ಚುತ್ತಾರೆ. ಬೀಜದ ಅಂಗಡಿ, ಗೊಬ್ಬರದ ಅಂಗಡಿ, ಸಾಲ ಕೊಡುವ ಸೊಸೈಟಿ. ಪಾಳಿ ಹಚ್ಚಬೇಕಾದ ನಾಲ್ಕನೇ ಜಾಗ ಒಂದಿದೆ. ಅಲ್ಲಿ ಮಾತ್ರ ಜನ ಕಡಿಮೆ. ಅದು ಕಮ್ಮಾರನ ಕುಲುಮೆ.

ಗೋವಿನಜೋಳದ ಬೀಜಕ್ಕೆ ಸಾವಿರಗಟ್ಟಲೆ ಎಣಿಸಿ ಕೊಡುವ ಯಜಮಾನರು ಕುಂಟೆಯ ಕುಡ ಹಣಿಸಲು, ಕುರ್ಪಿ ಬಡಿಸಲು ‘ನಾಳೆ ನೋಡೋಣ ಬಿಡ್ರಿ’ ಅಂತಾರೆ. ಹೋದ ವರ್ಷದ ಹಸಿಮಣ್ಣು ಮೆತ್ತಿಕೊಂಡೇ ದನದ ಕೊಟ್ಟಿಗೆಯ ಮೂಲೆ ಸೇರಿದ ಸಲಿಕೆ, ಗುದ್ದಲಿ, ಕುಡಗೋಲು ಅಲ್ಲೇ ತುಕ್ಕು ಹಿಡಿದಿರುತ್ತವೆ. ಮಳೆ ಬಿದ್ದ ಮರುದಿನ ಎಲ್ಲರೂ ಒಮ್ಮೆಲೇ ಎದ್ದು ಓಡುತ್ತಾರೆ. ಕಮ್ಮಾರನಿಗೆ ಎರಡೇ ಕೈ. ಅವನೇನು ಮಾಡಿಯಾನು?

ಆಗ ಏನಾಗುತ್ತದೆ? ಮೊಂಡ ಕುರ್ಪಿ ಹಾಗೇ ಹೊಲಕ್ಕೆ ಹೋಗುತ್ತದೆ. ಅದನ್ನು ಹಿಡಿದು ದಿನವಿಡೀ ಕುಕ್ಕರಗಾಲಲ್ಲಿ ಕಳೆ ತೆಗೆಯುವವರು ಹೆಣ್ಣುಮಕ್ಕಳು. ಹರಿತವಾದ ಅಲಗು ಬೇರಿನ ಕೆಳಗೆ ಸರಾಗ ನುಗ್ಗುತ್ತದೆ. ಮೊಂಡ ಅಲಗಿಗೆ ಮಣಿಕಟ್ಟಿನ ಬಲ ಹಾಕಬೇಕು, ಒಂದೇ ಗಿಡಕ್ಕೆ ಎರಡು ಸಲ, ಮೂರು ಸಲ. ಬೇರು ಉಳಿದ ಕಳೆ ಮತ್ತೆ ಚಿಗುರುತ್ತದೆ. ಮಾಲೀಕ ‘ಕೆಲಸ ಆಗಲಿಲ್ಲ’ ಅಂತಾನೆ, ಕೂಲಿಯವಳು ರಾತ್ರಿ ಕೈಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ. ಅವನಿಗೂ ನಷ್ಟ, ಅವಳಿಗೂ ನೋವು. ಕಾರಣ ಮಾತ್ರ ಒಂದೇ.

ಇದಕ್ಕೆ ಖರ್ಚೆಷ್ಟು? ಸರ್ಕಾರವೇ ಒಮ್ಮೆ ಲೆಕ್ಕ ಹಾಕಿತ್ತು. 2020ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 275 ರೂಪಾಯಿ ಇದ್ದಾಗ, ಸಲಕರಣೆ ಖರ್ಚಿಗೆಂದು 10 ರೂಪಾಯಿ ಬೇರೆ ಕೊಡುತ್ತಿದ್ದರು. ಮೊತ್ತ ಸಣ್ಣದು, ತತ್ವ ದೊಡ್ಡದು. ಆಯುಧ ಕೂಲಿಕಾರರದ್ದಾದರೂ ಅದರ ಹರಿತದ ಖರ್ಚು ಕೆಲಸ ಮಾಡಿಸಿಕೊಳ್ಳುವವರದ್ದು ಅಂತ ಒಪ್ಪಿದಂತಾಯಿತು. ಖಾಸಗಿ ಹೊಲದಲ್ಲಿ ಈ ಮಾತು ಎತ್ತುವವರೇ ಇಲ್ಲ. ಹೊಲದ ಮಾಲೀಕ ಕೂಲಿಯ ಜೊತೆ ಚಹಾ ಕೊಡುತ್ತಾನೆ, ಅರ ಕೊಡುವುದಿಲ್ಲ.

ಮನೆಯಲ್ಲೇ ಮಾಡಬಹುದಾದ್ದು ಬೇಕಾದಷ್ಟಿದೆ. ಮಣ್ಣು ಕೆರೆದು, ತೊಳೆದು, ಪೂರ್ತಿ ಒಣಗಿಸಬೇಕು. ತುಕ್ಕಿದ್ದರೆ ಸೀಮೆಎಣ್ಣೆ ಹಚ್ಚಿ ಇಟ್ಟಿಗೆ ಚೂರಿನಿಂದ ಉಜ್ಜಬೇಕು. ಅರವನ್ನು ಒಂದೇ ದಿಕ್ಕಿಗೆ ದೂಡಬೇಕು, ಹಿಂದಕ್ಕೆ ಎಳೆದರೆ ಅರದ ಹಲ್ಲೇ ಹೋದೀತು. ಕರೆಂಟಿನ ಸಾಣೆಗೆ ಒತ್ತಿ ಹಿಡಿದಾಗ ಅಂಚು ನೀಲಿಗಟ್ಟಿತೋ, ಕಬ್ಬಿಣದ ಹದ ಹೋಯಿತೆಂದೇ ತಿಳಿಯಿರಿ. ಕಾವು ಸಡಿಲಾಯಿತೆಂದು ನೀರಲ್ಲಿ ನೆನೆಹಾಕುವ ಚಾಳಿ ಬಿಡಬೇಕು. ನೆಂದ ಕಟ್ಟಿಗೆ ಉಬ್ಬುತ್ತದೆ, ಒಣಗಿದ ಮೇಲೆ ಮತ್ತೆ ಕುಗ್ಗುತ್ತದೆ, ಗುದ್ದಲಿ ಹಾರಿ ಯಾರದೋ ಕಾಲಿಗೆ ಬೀಳುತ್ತದೆ. ಜಾಲಿ ಕಟ್ಟಿಗೆಯ ಬೆಣೆ ಬಡಿದು, ಕಾವಿಗೆ ಅಗಸೆ ಎಣ್ಣೆ ಒರೆಸಿದರೆ ಕೆಲಸ ಮುಗಿಯಿತು.

ಇನ್ನೊಂದು ಮಾತು. ಧನುರ್ವಾಯು ಬರುವುದು ತುಕ್ಕಿನಿಂದ ಅಂತ ಜನ ನಂಬಿದ್ದಾರೆ. ತುಕ್ಕು ಬರೀ ನೆಪ. ಆ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಹೊಳೆಯುವ ಹೊಸ ಕುರ್ಪಿ ತಾಗಿದರೂ ಗಾಯ ತೊಳೆದು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ವಿಚಾರಿಸಬೇಕು.

ಆದರೆ ತೆಳುವಾದ ಕುಡ, ಮುರಿದ ಅಲಗು ಮನೆಯ ಅರಕ್ಕೆ ಬಗ್ಗುವುದಿಲ್ಲ. ಅದಕ್ಕೆ ತಿದಿ, ಇದ್ದಿಲು, ಅಡಿಗಲ್ಲು ಬೇಕು. ‘ಹೊಸದೇ ತಗೊಂಡ್ರಾಯ್ತು’ ಅನ್ನುವವರಿಗೆ ಒಂದು ವಿಷಯ ಗೊತ್ತಿರಲಿ. ಅಗ್ಗದ ತಗಡಿನ ಗುದ್ದಲಿ ಮೆತ್ತನೆಯ ಕಬ್ಬಿಣ, ಕಾಯಿಸಿ ನೀರಿಗೆ ಅದ್ದಿದರೂ ಹದ ನಿಲ್ಲುವುದಿಲ್ಲ. ಕಮ್ಮಾರ ಗುಜರಿಯ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಟ್ಟದ್ದು ಗಟ್ಟಿ ಉಕ್ಕು. ಸವೆದಾಗ ಬಡಿಸಿಕೊಂಡರೆ ಎಷ್ಟೋ ಹಂಗಾಮು ಬಾಳುತ್ತದೆ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿಎಂ ವಿಶ್ವಕರ್ಮ ಯೋಜನೆ ಆರಂಭಿಸಿತು. 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ. ಒಳ್ಳೆಯದೇ. ಆದರೆ ಸುತ್ತಿಗೆ ಕೊಟ್ಟ ಮೇಲೆ ಕುಲುಮೆ ಹೂಡಲು ಜಾಗ ಬೇಡವೇ? ರಸ್ತೆ ಬದಿ ಕೂತರೆ ಟ್ರಾಫಿಕ್ಕಿಗೆ ಅಡ್ಡಿ, ಓಣಿಯಲ್ಲಿ ಕೂತರೆ ಹೊಗೆ, ಸಂತೆಯಲ್ಲಿ ಕೂತರೆ ಸುಂಕ. ಹಾಗಾದರೆ ಆ ಮನುಷ್ಯ ಎಲ್ಲಿ ಕೂಡಬೇಕು, ಸ್ವಾಮಿ?

ನಗರಸಭೆ, ಪಂಚಾಯ್ತಿಯವರು ಮೇ ತಿಂಗಳು ಪೂರ್ತಿ ಸಂತೆ ಬಯಲಿನ ಒಂದು ಮೂಲೆಯಲ್ಲಿ ತಗಡಿನ ನೆರಳು, ಒಂದು ನಳ ಕೊಡಲಿ. ಸುಂಕ ಬಿಡಲಿ. ಬೊಕ್ಕಸವೇನೂ ಬರಿದಾಗದು. ಹಾರ್ಡ್‌ವೇರ್ ಅಂಗಡಿಯವರೂ ಹೆದರಬೇಕಿಲ್ಲ. ಗುದ್ದಲಿ ಒಂದು ಕಡಿಮೆ ಹೋದರೂ ಅರ, ಕಾವು, ಎಣ್ಣೆ ಹೆಚ್ಚು ಹೋಗುತ್ತವೆ. ಬಸ್ಸಿನಲ್ಲಿ ಕುಡ ಹೊತ್ತು ಬರುವವರು ಅಲಗಿಗೆ ಗೋಣಿತಾಟು ಸುತ್ತಿಕೊಂಡು ಬಂದರೆ ಪಕ್ಕದವರೂ ಬೈಯುವುದಿಲ್ಲ, ಕಂಡಕ್ಟರೂ ಬೈಯುವುದಿಲ್ಲ.

ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ನಾಡು ಇದು. ಆಯುಧಪೂಜೆಗೆ ಇದೇ ಕುರ್ಪಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುತ್ತೇವೆ. ಅದಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಕುಂಕುಮ ಆಮೇಲೆ ಹಚ್ಚೋಣ, ಮೊದಲು ಅರ ಹಚ್ಚಿ.