ಸರಪಳಿಯ ಕೊನೆಯ ಕೊಂಡಿ ಶಾಲೆಯಲ್ಲಿದೆ

ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಸರ್ಕಾರ ಏನೇ ಆರಂಭಿಸಿದರೂ ಪತ್ರಿಕೆಯಲ್ಲಿ ಬರುವುದು ದೀಪ ಹಚ್ಚಿದವರ ಫೋಟೊ. ಅದನ್ನು ದಿನವೂ ನಡೆಸುವವರು ಬೇರೆಯೇ ಇದ್ದಾರೆ: ಫೋನ್ ಎತ್ತುವ ಆಪ್ತಸಮಾಲೋಚಕರು, ಊರೂರಿಗೆ ಹೋಗುವ ಮನೋವೈದ್ಯರು, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆಯರು.

ಈ ದಾರಿ ತೋರಿಸಿದ್ದೇ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಬಂತು. 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಮ್ಮ ಲಕಮನಹಳ್ಳಿ ನೋಡಿ. ಇದು ಕೈಗಾರಿಕಾ ಪ್ರದೇಶ. ಡಿಮ್ಹಾನ್ಸ್ ಇದೇ ಧಾರವಾಡದಲ್ಲಿದೆ, ದೂರದ ನೆಪ ಇಲ್ಲ. ಆದರೆ ದಿನಗೂಲಿಯ ತಾಯಿ ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಅಂದಿನ ಪಗಾರ ಹೋಯಿತು. ಜೊತೆಗೆ ‘ಹುಚ್ಚಿನ ದವಾಖಾನಿ’ ಎಂಬ ಮಾತಿನ ಅಂಜಿಕೆ. ಫೋನ್ ಮಾಡೋಣವೆಂದರೆ ಅದು ಅಪ್ಪನ ಕಿಸೆಯಲ್ಲಿ. ಅಪ್ಪನ ಹೊಡೆತವೇ ಮಗುವಿನ ಸಂಕಟವಾದರೆ?

ಮಗು ಮಂಕಾದದ್ದು ಮೊದಲು ಕಾಣುವುದು ಶಿಕ್ಷಕರಿಗೆ. ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ: ಪ್ರತಿ ಶಾಲೆಯಲ್ಲಿ ತರಬೇತಿ ಪಡೆದ ಒಬ್ಬ ಶಿಕ್ಷಕರಿರಲಿ, ಮಕ್ಕಳ ಮಾತು ಕೇಳಲು ಅವರಿಗೆ ವಾರಕ್ಕೆರಡು ಪೀರಿಯಡ್ ಬಿಡಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಒಂದು ಫೋನ್ ಕೊಡಿ. ಗೋಡೆಯ ಮೇಲೆ 14416, 1098 ಬರೆಸಿ. ಸಮೀಕ್ಷೆ, ಚುನಾವಣೆ ಎಂದು ಅವರನ್ನು ಓಡಾಡಿಸುತ್ತಲೇ ಇದನ್ನೂ ಮಾಡಿ ಅಂದರೆ ಆಗುವ ಮಾತಲ್ಲ.